ಎಲ್ಲ ಸವಾರರಿಗೂ ಸುಲಭವಾದ, ಸುರಕ್ಷಿತವಾದ ಬೈಸಿಕಲ್ ನಿಲುಗಡೆ: ಒಂದು ವಿಶ್ಲೇಷಣೆ

ಸರ್ಕಾರಿ ಕಚೇರಿಗಳಿಗೆ, ಬಸ್ ನಿಲ್ದಾಣಗಳಿಗೆ, ಆಸ್ಪತ್ರೆಗಳಿಗೆ ಹಾಗೂ ಶಾಲಾ ಕಾಲೇಜುಗಳಿಗೆ ಬೈಸಿಕಲ್‌ನಲ್ಲಿ ಬಂದು ಹೋಗುವ ನಾಗರಿಕರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. 2011ರ ಜನಗಣತಿಯ ಪ್ರಕಾರ ದೇಶದ ಶೇ. 44.8ರಷ್ಟು ಕುಟುಂಬಗಳು ಬೈಸಿಕಲ್ ಹೊಂದಿದ್ದವು. ಅದೇ ಗಣತಿಯಲ್ಲಿ ಸ್ಕೂಟರ್, ಮೋಟಾರ್ ಸೈಕಲ್ ಅಥವಾ ಮೊಪೆಡ್ ಹೊಂದಿದ್ದ ಕುಟುಂಬಗಳು ಶೇ. 21, ಕಾರು, ಜೀಪು ಅಥವಾ ವ್ಯಾನು ಹೊಂದಿದ್ದವು ಶೇ. 4.7 ಮಾತ್ರ. ಆದರೆ ಯಾವುದೇ ಸಾರ್ವಜನಿಕ ಕಟ್ಟಡದ ಆವರಣವನ್ನು ಪ್ರವೇಶಿಸಿದಾಗ ಕಾರುಗಳಿಗೆ ಬಿಳಿ ಗೆರೆ ಎಳೆದ ಜಾಗ, ದ್ವಿಚಕ್ರ ಮೋಟಾರು ವಾಹನಗಳಿಗೆ ತಗಡಿನ ಚಪ್ಪರ ಹಾಗೂ ಬೈಸಿಕಲ್‌ಗಳಿಗೆ ಕಾಂಪೌಂಡ್ ಗೋಡೆಯ ಮೂಲೆ ಎಂಬ ಹಂಚಿಕೆಯೇ ಸಾಮಾನ್ಯವಾಗಿ ಕಂಡುಬರುತ್ತದೆ. ಸದರಿ ಹಂಚಿಕೆಯು ಹೇಗೆ ಉಂಟಾಯಿತು, ಇದರಿಂದ ಯಾರಿಗೆ ತೊಂದರೆಯಾಗುತ್ತಿದೆ ಮತ್ತು ಇದನ್ನು ಸರಿಪಡಿಸುವಂತೆ ನಾಗರಿಕರು ಯಾರನ್ನು ಕೇಳಬಹುದು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ. ಇದು ಆದೇಶವಲ್ಲ, ಸುತ್ತೋಲೆಯೂ ಅಲ್ಲ.

ಈ ವಿಷಯವು ಕ್ಷುಲ್ಲಕವೆಂದು ಕೆಲವರಿಗೆ ತೋರಬಹುದು. ಅರ್ಜಿ ಸ್ವೀಕರಿಸುವ ಕೌಂಟರಿನ ಒಳಭಾಗದಲ್ಲಿ ಹಲವು ವರ್ಷ ಕುಳಿತವರಿಗೆ ಹಾಗೆ ತೋರುವುದಿಲ್ಲ. ಒಂದು ತಾಲ್ಲೂಕು ಕೇಂದ್ರದ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ವಿಧವಾ ವೇತನದ ಅರ್ಜಿಯೊಂದಿಗೆ ಬಂದಿದ್ದ ಮಹಿಳೆಯೊಬ್ಬರ ಟೋಕನ್ ಸಂಖ್ಯೆಯನ್ನು ಎರಡು ಬಾರಿ ಕರೆದರೂ ಅವರು ಬರಲಿಲ್ಲ. ಬೇರೆಯವರ ಸರದಿ ಮುಗಿದ ನಂತರ ಬಂದರು. ವಿಚಾರಿಸಿದಾಗ, "ಸೈಕಲ್ ಐತೋ ಇಲ್ವೋ ನೋಡ್ಕೊಂಡ್ ಬರಾಕ್ ಹೋಗಿದ್ದೆ ಸಾರ್, ಅದು ಮಗಳ ಶಾಲೆ ಸೈಕಲ್ಲು" ಎಂದು ಹೇಳಿದರು. ಆವರಣದಲ್ಲಿ 'ಬೈಸಿಕಲ್‌ಗಳಿಗೆ' ಎಂದು ಬರೆದ ಫಲಕವೇನೋ ಇತ್ತು. ಫಲಕದ ಕೆಳಗೆ ಬೈಸಿಕಲ್ಲನ್ನು ಕಟ್ಟಿ ಬೀಗ ಹಾಕಲು ಒಂದು ಕಂಬಿಯೂ ಇರಲಿಲ್ಲ. ಅದೇ ಕಚೇರಿಗೆ ಕೈಯಿಂದ ಚಲಾಯಿಸುವ ತ್ರಿಚಕ್ರ ಸೈಕಲ್‌ನಲ್ಲಿ ಬರುತ್ತಿದ್ದ ವಿಕಲಚೇತನ ಅರ್ಜಿದಾರರೊಬ್ಬರು ಗೇಟಿನ ಹೊರಗೇ ನಿಂತು, ಚಹಾ ಅಂಗಡಿಯ ಹುಡುಗನ ಕೈಯಲ್ಲಿ ದಾಖಲೆಗಳನ್ನು ಒಳಗೆ ಕಳುಹಿಸುತ್ತಿದ್ದರು. ಮೋಟಾರ್ ಸೈಕಲ್‌ಗಳು ಒಳನುಗ್ಗದಂತೆ ಗೇಟಿನ ಪಕ್ಕದ ಕಿರುದಾರಿಗೆ ನೆಟ್ಟಿದ್ದ ಕಬ್ಬಿಣದ ಗೂಟಗಳ ನಡುವೆ ಅವರ ವಾಹನವು ಹಿಡಿಯುತ್ತಿರಲಿಲ್ಲ.

1996ರಲ್ಲಿ ನನ್ನ ತಂದೆಯವರು ಕೈಬರಹದ ಪಹಣಿ ಪಡೆಯಲು ಹೋಗಿ ಕಚೇರಿಯೊಂದರ ಮುಂದೆ ಬೈಸಿಕಲ್ ಕಳೆದುಕೊಂಡಿದ್ದರು ಎಂಬುದನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಆ ದಿನ ಪಹಣಿಯೂ ಸಿಗಲಿಲ್ಲ. ಮರುದಿನದಿಂದ ಆರು ತಿಂಗಳ ಕಾಲ ಅವರು ಗದ್ದೆಗೂ ಹಾಲಿನ ಡೇರಿಗೂ ನಡೆದೇ ಹೋದರು.

ಕಳವಾದ ನಂತರ ಇರುವ ದಾರಿ

ನಿಲುಗಡೆಯ ಭದ್ರತೆಯು ಈ ಹಿಂದಿಗಿಂತ ಈಗ ಹೆಚ್ಚು ಮಹತ್ವ ಪಡೆಯಲು ಒಂದು ಕಾನೂನು ಬದಲಾವಣೆ ಕಾರಣವಾಗಿರುತ್ತದೆ. ಇದರ ಬಗ್ಗೆ ಸಾರ್ವಜನಿಕರಲ್ಲಿ ತಿಳಿವಳಿಕೆ ಕಡಿಮೆ ಇರುವುದರಿಂದ ತುಸು ವಿವರವಾಗಿ ತಿಳಿಸಲಾಗುತ್ತಿದೆ.

ದಿನಾಂಕ 01-07-2024ರಿಂದ ಭಾರತೀಯ ದಂಡ ಸಂಹಿತೆಯ ಬದಲಿಗೆ ಭಾರತೀಯ ನ್ಯಾಯ ಸಂಹಿತೆ, 2023 ಜಾರಿಗೆ ಬಂದಿರುತ್ತದೆ. ಹಳೆಯ ಸಂಹಿತೆಯ 379ನೇ ಕಲಮಿನಡಿ ಕಳವಾದ ವಸ್ತುವಿನ ಬೆಲೆ ಎಷ್ಟೇ ಇದ್ದರೂ ಕಳ್ಳತನವು ಸಂಜ್ಞೇಯ ಅಪರಾಧವಾಗಿತ್ತು. ಅಂದರೆ ಪೊಲೀಸರು ಪ್ರಥಮ ವರ್ತಮಾನ ವರದಿ ದಾಖಲಿಸಿ ತಾವಾಗಿಯೇ ತನಿಖೆ ಆರಂಭಿಸಬಹುದಾಗಿತ್ತು. ಹೊಸ ಸಂಹಿತೆಯ 303(2)ನೇ ಕಲಮಿಗೆ ಒಂದು ಪರಂತುಕವನ್ನು ಸೇರಿಸಲಾಗಿದೆ. ಅದರಂತೆ, ಕಳವಾದ ಸ್ವತ್ತಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಅಪರಾಧಿಯು ಮೊದಲ ಬಾರಿಗೆ ಶಿಕ್ಷೆಗೆ ಒಳಗಾಗುತ್ತಿದ್ದಲ್ಲಿ, ಸ್ವತ್ತನ್ನು ಅಥವಾ ಅದರ ಬೆಲೆಯನ್ನು ಹಿಂತಿರುಗಿಸಿದ ಮೇಲೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ ವಿಧಿಸಲಾಗುತ್ತದೆ. ಸಣ್ಣ ತಪ್ಪಿಗೆ ಮೊದಲ ಬಾರಿ ಸಿಕ್ಕಿಬಿದ್ದ ಯುವಕನೊಬ್ಬ ಸೆರೆಮನೆ ಸೇರಿ ಕೆಡುವ ಬದಲು ತಿದ್ದಿಕೊಳ್ಳಲಿ ಎಂಬ ಈ ಆಶಯವನ್ನು ಆಕ್ಷೇಪಿಸುವಂತಿಲ್ಲ.

ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ ಮೊದಲನೆಯ ಅನುಸೂಚಿಯಲ್ಲಿ ಇದೇ ವರ್ಗದ ಕಳ್ಳತನವನ್ನು ಅಸಂಜ್ಞೇಯ ಹಾಗೂ ಜಾಮೀನು ನೀಡಬಹುದಾದ ಅಪರಾಧವೆಂದು ತೋರಿಸಲಾಗಿದೆ. ಅಸಂಜ್ಞೇಯ ಅಪರಾಧದ ಮಾಹಿತಿ ಬಂದಾಗ ಠಾಣೆಯ ಅಧಿಕಾರಿಯು 174ನೇ ಕಲಮಿನ ಪ್ರಕಾರ ಅದರ ಸಾರಾಂಶವನ್ನು ನಿಗದಿತ ಪುಸ್ತಕದಲ್ಲಿ ನಮೂದಿಸಿ, ಮಾಹಿತಿದಾರರನ್ನು ಮ್ಯಾಜಿಸ್ಟ್ರೇಟರ ಬಳಿಗೆ ಕಳುಹಿಸಬೇಕಾಗುತ್ತದೆ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಸುವಂತಿಲ್ಲ. ಎರಡು ಮೂರು ವರ್ಷ ಓಡಿಸಿದ ಸಾಮಾನ್ಯ ಬೈಸಿಕಲ್‌ನ ಬೆಲೆ 5,000 ರೂಪಾಯಿಯ ಕೆಳಗೆ ಬರುವುದೇ ಹೆಚ್ಚು. ದಿನಗೂಲಿಯನ್ನು ಬಿಟ್ಟು, ವಕೀಲರನ್ನು ಹುಡುಕಿ, ನ್ಯಾಯಾಲಯದಲ್ಲಿ ಅರ್ಜಿ ಹಾಕಿ ಹಳೆಯ ಬೈಸಿಕಲ್ಲನ್ನು ಹುಡುಕಿಸುವವರು ಯಾರು? ಖರ್ಚು ಮತ್ತು ಆದಾಯವನ್ನು ಎದುರುಬದುರು ಬರೆದು ನೋಡಿದರೆ ಯಾವ ಗುಮಾಸ್ತನಾದರೂ ಇದಕ್ಕೆ ಉತ್ತರ ಹೇಳಬಲ್ಲನು. ಬಡವರ ವಾಹನವು ಕಳವಾದ ಮೇಲೆ ಅದನ್ನು ಮರಳಿ ಪಡೆಯುವ ದಾರಿಯು ಈಗ ಉದ್ದವಾಗಿದೆ. ಹಾಗಾಗಿ ಕಳವಾಗದಂತೆ ನೋಡಿಕೊಳ್ಳುವ ಹೊಣೆಯು ನಿಲುಗಡೆಯ ಜಾಗವನ್ನು ಒದಗಿಸುವವರ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬುದು ಈ ಲೇಖಕನ ಅಭಿಪ್ರಾಯ.

ಇಲ್ಲಿ ನಾಗರಿಕರು ಗಮನಿಸಬೇಕಾದ ಮತ್ತೊಂದು ಅಂಶವಿದೆ. ವಾಸದ ಮನೆಯಿಂದ, ಅಥವಾ ಸ್ವತ್ತುಗಳನ್ನು ಕಾಪಿಡಲು ಬಳಸುವ ಕಟ್ಟಡದಿಂದ ಕಳವಾದಲ್ಲಿ ಅದು 305ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅಲ್ಲಿ ಬೆಲೆಯ ಮಿತಿ ಇಲ್ಲ, ಅಪರಾಧವು ಸಂಜ್ಞೇಯವಾಗಿರುತ್ತದೆ. ಆದ್ದರಿಂದ ದೂರು ನೀಡುವಾಗ "ಬೈಸಿಕಲ್ ಕಳುವಾಗಿದೆ" ಎಂದಷ್ಟೇ ಬರೆಯದೆ, ನಿಖರವಾಗಿ ಯಾವ ಜಾಗದಿಂದ ಕಳವಾಯಿತು, ಅದು ಬಯಲೇ, ಚಪ್ಪರವೇ, ಬಾಗಿಲಿರುವ ಕಟ್ಟಡವೇ ಎಂಬುದನ್ನು ಬರೆಯತಕ್ಕದ್ದು. ಖರೀದಿಯ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಬೈಸಿಕಲ್‌ಗೆ ನೋಂದಣಿ ಸಂಖ್ಯೆ ಇರುವುದಿಲ್ಲವಾದರೂ ಬಹುತೇಕ ಬೈಸಿಕಲ್‌ಗಳ ಚೌಕಟ್ಟಿನ ಮೇಲೆ, ಸಾಮಾನ್ಯವಾಗಿ ಪೆಡಲಿನ ಅಚ್ಚು ಕೂರುವ ಜಾಗದ ತಳಭಾಗದಲ್ಲಿ ಅಥವಾ ಸೀಟಿನ ಕೆಳಗಿನ ಕೊಳವೆಯಲ್ಲಿ, ತಯಾರಕರು ಒತ್ತಿದ ಸಂಖ್ಯೆ ಇರುತ್ತದೆ. ಬೈಸಿಕಲ್ಲನ್ನು ಒಮ್ಮೆ ತಲೆಕೆಳಗಾಗಿ ನಿಲ್ಲಿಸಿ ಆ ಸಂಖ್ಯೆಯನ್ನು ಬರೆದಿಟ್ಟುಕೊಂಡರೆ, ಮುಂದೆ ಠಾಣೆಯ ಆವರಣದಲ್ಲಿ ರಾಶಿ ಬಿದ್ದ ವಾಹನಗಳ ನಡುವೆ ನಿಮ್ಮದನ್ನು ಗುರುತಿಸಲು ಅದೊಂದೇ ಪುರಾವೆಯಾಗಬಹುದು.

ಖಾಲಿ ಜಾಗವೇ ನಿಲುಗಡೆಯಲ್ಲ

ಬೈಸಿಕಲ್ ನಿಲುಗಡೆಗೆ ಜಾಗ ಕೊಟ್ಟಿದ್ದೇವೆ ಎಂದು ಹೇಳುವ ಹಲವೆಡೆ ಕೊಟ್ಟಿರುವುದು ಖಾಲಿ ನೆಲ ಮಾತ್ರ. ಹಿಂಬದಿಯ ಚಕ್ರಕ್ಕೆ ಅಳವಡಿಸಿರುವ ಚಿಕ್ಕ ಬೀಗವು ಚಕ್ರ ತಿರುಗದಂತೆ ತಡೆಯುತ್ತದೆಯೇ ಹೊರತು, ಇಡೀ ಬೈಸಿಕಲ್ಲನ್ನು ಎತ್ತಿ ಟೆಂಪೋಗೆ ಹಾಕಿಕೊಂಡು ಹೋಗುವುದನ್ನು ತಡೆಯುವುದಿಲ್ಲ. ನೆಲಕ್ಕೆ ಭದ್ರವಾಗಿ ಹೂತ ಯಾವುದಾದರೊಂದು ವಸ್ತುವಿಗೆ ಚೌಕಟ್ಟನ್ನೂ ಒಂದು ಚಕ್ರವನ್ನೂ ಸೇರಿಸಿ ಸರಪಳಿ ಹಾಕಿದಾಗ ಮಾತ್ರ ಬೀಗಕ್ಕೆ ಅರ್ಥ ಬರುತ್ತದೆ.

ಇನ್ನು ಕೆಲವೆಡೆ ಮುಂದಿನ ಚಕ್ರವನ್ನು ಮಾತ್ರ ತೂರಿಸಿ ನಿಲ್ಲಿಸುವ ಕಂಬಿಗಳ ಸಾಲನ್ನು ಹಾಕಲಾಗಿರುತ್ತದೆ. ನೋಡಲು ಅಚ್ಚುಕಟ್ಟಾಗಿರುವುದರಿಂದ ಹೊಸ ಕಟ್ಟಡಗಳ ನಕ್ಷೆಯಲ್ಲಿ ಇವೇ ಹೆಚ್ಚು. ಇವುಗಳಲ್ಲಿ ಎರಡು ದೋಷಗಳಿವೆ. ಚೌಕಟ್ಟಿಗೆ ಸರಪಳಿ ಎಟುಕುವುದಿಲ್ಲ, ಮುಂಚಕ್ರವನ್ನು ಮಾತ್ರ ಬಿಗಿಯಬಹುದು. ಪಕ್ಕದ ಬೈಸಿಕಲ್ ವಾಲಿದಾಗ ಸಾಲು ಸಾಲಾಗಿ ಎಲ್ಲವೂ ಬಿದ್ದು ಚಕ್ರದ ಕಡ್ಡಿಗಳೂ ರಿಮ್ಮೂ ಬಾಗುತ್ತವೆ. ಕ್ಯಾರಿಯರ್ ಮೇಲೆ ಚೀಲವಿದ್ದರಂತೂ ಬೀಳುವುದು ಖಚಿತ.

ಇದಕ್ಕೆ ಬದಲಾಗಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವುದು ಒಂದು ಸರಳವಾದ ಸಾಧನ. ಕಬ್ಬಿಣದ ಕೊಳವೆಯನ್ನು ತಲೆಕೆಳಗಾದ ಇಂಗ್ಲಿಷ್ 'ಯು' ಅಕ್ಷರದಂತೆ ಬಗ್ಗಿಸಿ, ಎರಡೂ ಕಾಲುಗಳನ್ನು ಕಾಂಕ್ರೀಟಿನಲ್ಲಿ ಹೂಳಲಾಗುತ್ತದೆ. ನೆಲದಿಂದ ಸುಮಾರು 75 ಸೆಂ.ಮೀ. ಎತ್ತರವಿರುತ್ತದೆ. ಎರಡು ಬದಿಗೆ ಒಂದೊಂದರಂತೆ ಎರಡು ಬೈಸಿಕಲ್‌ಗಳನ್ನು ಇದಕ್ಕೆ ಒರಗಿಸಿ, ಚೌಕಟ್ಟಿಗೂ ಚಕ್ರಕ್ಕೂ ಸೇರಿಸಿ ಬೀಗ ಹಾಕಬಹುದು. ಒಂದು ಕಂಬಿಯಿಂದ ಇನ್ನೊಂದಕ್ಕೆ ಕನಿಷ್ಠ ಒಂದು ಮೀಟರ್ ಅಂತರ ಇರಬೇಕು. ಇಲ್ಲವಾದಲ್ಲಿ ಹ್ಯಾಂಡಲ್‌ಗಳು ಒಂದಕ್ಕೊಂದು ಸಿಕ್ಕಿಕೊಂಡು ಎರಡು ನಿಲ್ಲುವಲ್ಲಿ ಒಂದೇ ನಿಲ್ಲುತ್ತದೆ. ಇದಕ್ಕೆ ವಿದೇಶಿ ತಂತ್ರಜ್ಞಾನವೇನೂ ಬೇಕಾಗಿಲ್ಲ. ಗೇಟು, ಕಿಟಕಿ ಸರಳು ಮಾಡುವ ಊರಿನ ವೆಲ್ಡಿಂಗ್ ಅಂಗಡಿಯವರು ಇದನ್ನು ಮಾಡಿಕೊಡಬಲ್ಲರು.

ಬೀಗದ ವ್ಯವಸ್ಥೆಯನ್ನು ನಿಲ್ದಾಣದಲ್ಲಿಯೇ ಅಳವಡಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೈಸೂರು ನಗರವು ಉದಾಹರಣೆಯಾಗಿದೆ. 2017ರ ಜೂನ್ 4ರಂದು ಅಲ್ಲಿ ಆರಂಭವಾದ 'ಟ್ರಿಣ್ ಟ್ರಿಣ್' ಸಾರ್ವಜನಿಕ ಬೈಸಿಕಲ್ ವ್ಯವಸ್ಥೆಯಲ್ಲಿ 450 ಬೈಸಿಕಲ್‌ಗಳಿಗೆ 48 ನಿಲ್ದಾಣಗಳನ್ನು ನಿರ್ಮಿಸಲಾಗಿತ್ತು. ಸದಸ್ಯರು ಕಾರ್ಡ್ ತೋರಿಸಿದಾಗ ಮಾತ್ರ ಬೈಸಿಕಲ್ ಬಿಡುಗಡೆಯಾಗುವಂತೆ, ಮರಳಿ ತೂರಿಸಿದಾಗ ತಾನಾಗಿ ಬಿಗಿಯುವಂತೆ ಏರ್ಪಾಡು ಮಾಡಲಾಗಿತ್ತು. ಬಾಡಿಗೆ ಬೈಸಿಕಲ್‌ಗೆ ಇಷ್ಟು ಕಾಳಜಿ ವಹಿಸಿದ್ದು ಸರಿಯೇ. ಅದೇ ರಸ್ತೆಯಲ್ಲಿ ಸ್ವಂತ ಬೈಸಿಕಲ್ಲಿನಲ್ಲಿ ಬರುವ ಹಾಲು ಮಾರುವವರಿಗೆ, ಗಾರೆ ಕೆಲಸದವರಿಗೆ ಅಂತಹ ಒಂದು ಕಂಬಿಯನ್ನು ಪಕ್ಕದಲ್ಲಿ ನೆಡುವ ಯೋಚನೆಯು ಇಂತಹ ಯೋಜನೆಗಳಲ್ಲಿ ಹಿಂದೆ ಬೀಳುತ್ತದೆ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಸುರಕ್ಷಿತ ಬೈಸಿಕಲ್ ನಿಲುಗಡೆಯ ಅಗತ್ಯವನ್ನು ಆಗಲೇ ಹೇಳಿತ್ತು. 2020ರಲ್ಲಿ ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು ಆರಂಭಿಸಿದ 'ಇಂಡಿಯಾ ಸೈಕಲ್ಸ್ ಫಾರ್ ಚೇಂಜ್' ಸ್ಪರ್ಧೆಯಲ್ಲಿ 2021ರಲ್ಲಿ ಆಯ್ಕೆಯಾದ 11 ನಗರಗಳ ಪೈಕಿ ಬೆಂಗಳೂರೂ ಒಂದು. ಆದರೂ ಸಾರ್ವಜನಿಕ ಚರ್ಚೆಯೆಲ್ಲ ಪ್ರತ್ಯೇಕ ಪಥಗಳ ಸುತ್ತಲೇ ನಡೆಯುತ್ತದೆ. ಪಥವು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಬೈಸಿಕಲ್ಲನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ.

ಜಾಗದ ಆಯ್ಕೆಯೂ ಮುಖ್ಯ. ಜನರ ಓಡಾಟವಿರುವ, ಕಾವಲುಗಾರರ ಅಥವಾ ಕೌಂಟರಿನಲ್ಲಿರುವವರ ಕಣ್ಣಿಗೆ ಬೀಳುವ, ಸಂಜೆ ದೀಪವಿರುವ ಸ್ಥಳವೇ ಸರಿಯಾದುದು. ಜನರೇಟರ್ ಕೊಠಡಿಯ ಹಿಂಭಾಗ ಅದಕ್ಕೆ ತಕ್ಕ ಸ್ಥಳವಲ್ಲ.

ಎಲ್ಲ ಸವಾರರು ಎಂದರೆ ಯಾರು

ನಿಲುಗಡೆಯನ್ನು ಯೋಜಿಸುವವರ ಮನಸ್ಸಿನಲ್ಲಿ ಇರುವ ಸವಾರನು ಬಹುಮಟ್ಟಿಗೆ ಒಬ್ಬನೇ: ಆರೋಗ್ಯವಂತ ಯುವಕ, ಹಗುರವಾದ ಬೈಸಿಕಲ್, ಬೆನ್ನಿಗೊಂದು ಚೀಲ. ವಾಸ್ತವದಲ್ಲಿ ಬರುವವರು ಬೇರೆ. ರೈತರು ಬಳಸುವ ಸಾಂಪ್ರದಾಯಿಕ ಬೈಸಿಕಲ್ ಸುಮಾರು 20 ಕಿಲೋ ತೂಗುತ್ತದೆ. ಜಾಗ ಉಳಿಸಲೆಂದು ಎರಡು ಅಂತಸ್ತಿನ ಕಂಬಿಗಳನ್ನು ಹಾಕಿದಾಗ, ಅದನ್ನು ಎದೆಯ ಎತ್ತರಕ್ಕೆ ಎತ್ತಿ ಇಡುವುದು ಅರುವತ್ತು ದಾಟಿದವರಿಗಾಗಲಿ, ಗರ್ಭಿಣಿಯರಿಗಾಗಲಿ ಸಾಧ್ಯವಾಗುವ ಮಾತಲ್ಲ. ಹೆಣ್ಣುಮಕ್ಕಳ ಬೈಸಿಕಲ್‌ಗೆ ಮೇಲಿನ ಅಡ್ಡಪಟ್ಟಿ ಇರುವುದಿಲ್ಲವಾದುದರಿಂದ ತೂಗುಹಾಕುವ ಕೊಕ್ಕೆಗಳು ಅದಕ್ಕೆ ಒಗ್ಗುವುದಿಲ್ಲ. ರಾಜ್ಯದಲ್ಲಿ 2006-07ನೇ ಸಾಲಿನಿಂದ ಎಂಟನೇ ತರಗತಿಯ ವಿದ್ಯಾರ್ಥಿನಿಯರಿಗೆ, ಆನಂತರ ವಿದ್ಯಾರ್ಥಿಗಳಿಗೂ ಉಚಿತ ಬೈಸಿಕಲ್ ವಿತರಿಸಲಾಯಿತು. ಕೋವಿಡ್ ಕಾಲದಲ್ಲಿ ವಿತರಣೆಗೆ ತಡೆಯಾಯಿತು. ಬೈಸಿಕಲ್‌ಗಳನ್ನು ಕೊಟ್ಟ ವರ್ಷಗಳಲ್ಲಿ ಅವುಗಳನ್ನು ಶಾಲೆಯಲ್ಲಿ ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ಮುಖ್ಯೋಪಾಧ್ಯಾಯರ ವಿವೇಚನೆಗೂ ಆವರಣದ ಹೊಂಗೆ ಮರದ ನೆರಳಿಗೂ ಬಿಟ್ಟ ಶಾಲೆಗಳೇ ಹೆಚ್ಚು.

ವಿಕಲಚೇತನರ ವಿಷಯದಲ್ಲಿ ಸ್ಥಿತಿ ಇನ್ನೂ ಸ್ಪಷ್ಟವಾಗಿದೆ. 1981ರಿಂದ ಜಾರಿಯಲ್ಲಿರುವ ಕೇಂದ್ರದ ಸಹಾಯಕ ಸಾಧನಗಳ ಯೋಜನೆಯಡಿ ಕೈಯಿಂದ ಚಲಾಯಿಸುವ ತ್ರಿಚಕ್ರ ಸೈಕಲ್‌ಗಳನ್ನು ನೀಡಲಾಗುತ್ತಿದೆ. ಸರ್ಕಾರದ ಒಂದು ಇಲಾಖೆಯು ಕೊಟ್ಟ ವಾಹನವು ಸರ್ಕಾರದ ಮತ್ತೊಂದು ಇಲಾಖೆಯ ಗೇಟಿನೊಳಗೆ ಹಿಡಿಯದಿರುವುದು ವಿಪರ್ಯಾಸವೇ ಸರಿ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 41ನೇ ಪ್ರಕರಣವು ಬಸ್ ಮತ್ತು ರೈಲು ನಿಲ್ದಾಣಗಳಲ್ಲಿ ನಿಲುಗಡೆಯ ಜಾಗವೂ ಸೇರಿದಂತೆ ಸೌಲಭ್ಯಗಳು ನಿಗದಿತ ಮಾನದಂಡಕ್ಕೆ ಅನುಗುಣವಾಗಿರಬೇಕೆಂದು ಹೇಳುತ್ತದೆ. 45ನೇ ಪ್ರಕರಣದಂತೆ ಅಸ್ತಿತ್ವದಲ್ಲಿರುವ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳ ಅಧಿಸೂಚನೆಯಿಂದ ಐದು ವರ್ಷದೊಳಗೆ ಸುಗಮಗೊಳಿಸಬೇಕಾಗಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಹೊರಬಂದವು. ಐದು ವರ್ಷ 2022ಕ್ಕೆ ಮುಗಿದಿದೆ. ದಿನಾಂಕ 08-11-2024ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿನಿಯಮವು ಕಡ್ಡಾಯ ಮಾನದಂಡಗಳನ್ನು ಬಯಸಿದ್ದರೂ ಸದರಿ ನಿಯಮಗಳ ಪೈಕಿ 15(1)ನೇ ನಿಯಮವು ಕೇವಲ ಸಲಹಾ ರೂಪದ ಮಾರ್ಗಸೂಚಿಗಳನ್ನು ನೆಚ್ಚಿಕೊಂಡಿದೆ ಎಂಬ ಕಾರಣಕ್ಕೆ ಆ ನಿಯಮವನ್ನು ಅಸಿಂಧುವೆಂದು ತೀರ್ಮಾನಿಸಿ, ಕಡ್ಡಾಯ ನಿಯಮಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿತು. ಇಳಿಜಾರು ದಾರಿ ಇದ್ದರಾಯಿತು ಎಂದು ಭಾವಿಸುವ ಕಚೇರಿಗಳು ಅದರ ಅಳತೆಯನ್ನೂ ನೋಡಬೇಕು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ನಾಲ್ಕು ಅಡಿಯಲ್ಲಿ ಮುಗಿಸಿದ ಇಳಿಜಾರಿನ ಮೇಲೆ ಕೈಯಿಂದ ತ್ರಿಚಕ್ರ ಸೈಕಲ್ ಏರಿಸಲು ಯಾರಿಂದಲೂ ಆಗದು. ನಿಲುಗಡೆಯ ಸಾಲಿನ ಕೊನೆಯ ಒಂದೆರಡು ಕಂಬಿಗಳ ಪಕ್ಕದಲ್ಲಿ ಅಗಲವಾದ ಜಾಗವನ್ನು ಬಿಟ್ಟು, ಅದು ತ್ರಿಚಕ್ರ ಸೈಕಲ್‌ಗಳಿಗೆ ಎಂದು ಬರೆದರೆ ಅರ್ಧ ಸಮಸ್ಯೆ ತೀರುತ್ತದೆ. ಬುಟ್ಟಿ ಕಟ್ಟಿದ ಹೂವಿನವರ, ಹಾಲಿನ ಕ್ಯಾನ್ ತೂಗಿದವರ ಬೈಸಿಕಲ್‌ಗಳಿಗೂ ಅದೇ ಜಾಗ ಒದಗುತ್ತದೆ.

ಬ್ಯಾಟರಿ ಬೈಸಿಕಲ್‌ಗಳ ಬಗ್ಗೆಯೂ ವಿಚಾರಣೆಗಳು ಬರುತ್ತಿವೆ. ಕೇಂದ್ರ ಮೋಟಾರು ವಾಹನ ನಿಯಮಗಳ 2(ಯು) ನಿಯಮದ ಪ್ರಕಾರ 250 ವ್ಯಾಟ್‌ಗಿಂತ ಕಡಿಮೆ ಸಾಮರ್ಥ್ಯದ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಗರಿಷ್ಠ ವೇಗದ ಬ್ಯಾಟರಿ ವಾಹನವು, ಇತರ ಷರತ್ತುಗಳಿಗೆ ಒಳಪಟ್ಟು, ಮೋಟಾರು ವಾಹನವೆನಿಸುವುದಿಲ್ಲ. ಅಂತಹ ಬೈಸಿಕಲ್‌ಗೆ ಮೋಟಾರ್ ಸೈಕಲ್ಲಿನ ದರ ಕೇಳಿದಲ್ಲಿ ದರಪಟ್ಟಿಯನ್ನು ತೋರಿಸುವಂತೆ ಕೇಳಬಹುದು.

ಗುತ್ತಿಗೆಯ ಲೆಕ್ಕ

ಬಸ್ ನಿಲ್ದಾಣ, ಮಾರುಕಟ್ಟೆ ಹಾಗೂ ರೈಲು ನಿಲ್ದಾಣಗಳಲ್ಲಿ ವಾಹನ ನಿಲುಗಡೆಯನ್ನು ಸಾಮಾನ್ಯವಾಗಿ ಹರಾಜು ಅಥವಾ ಟೆಂಡರ್ ಮೂಲಕ ಹೆಚ್ಚು ಮೊತ್ತ ಕೊಡುವವರಿಗೆ ವಹಿಸಲಾಗುತ್ತದೆ. ಬೈಸಿಕಲ್‌ಗಳನ್ನು ಮೂಲೆಗೆ ತಳ್ಳುವುದಕ್ಕೆ ಗುತ್ತಿಗೆದಾರರ ದುರಾಸೆಯೇ ಕಾರಣವೆಂದು ಹೇಳುವ ವಾಡಿಕೆ ಇದೆ. ಈ ಲೇಖಕನು ವಾಣಿಜ್ಯ ಪದವೀಧರನಾದ್ದರಿಂದ ಅದನ್ನು ಬೇರೆ ರೀತಿಯಲ್ಲಿ ನೋಡುತ್ತಾನೆ. ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದದ ಒಂದು ಕಾರಿನ ಜಾಗವನ್ನು ತೆಗೆದುಕೊಳ್ಳೋಣ. ಅದರಲ್ಲಿ ಮೀಟರಿಗೊಂದರಂತೆ ಐದು ಕಂಬಿಗಳನ್ನು ನೆಟ್ಟರೆ ಹತ್ತು ಬೈಸಿಕಲ್ ನಿಲ್ಲುತ್ತವೆ. ಅದೇ ಜಾಗದಲ್ಲಿ ಮೋಟಾರ್ ಸೈಕಲ್‌ಗಳು ಐದು ನಿಲ್ಲುತ್ತವೆ. ಉದಾಹರಣೆಗೆ, ಬೈಸಿಕಲ್‌ಗೆ ದಿನಕ್ಕೆ 5 ರೂ., ಮೋಟಾರ್ ಸೈಕಲ್‌ಗೆ ಒಂದು ಬಾರಿಗೆ 10 ರೂ. ಎಂದಿಟ್ಟುಕೊಂಡರೆ ಎರಡರಿಂದಲೂ ಬರುವುದು 50 ರೂಪಾಯಿಯೇ. ವ್ಯತ್ಯಾಸವಾಗುವುದು ವಹಿವಾಟಿನ ವೇಗದಲ್ಲಿ. ವಿದ್ಯಾರ್ಥಿಯ ಬೈಸಿಕಲ್ ಬೆಳಿಗ್ಗೆ ಏಳಕ್ಕೆ ಬಂದರೆ ಸಂಜೆ ಆರರವರೆಗೆ ಅಲ್ಲಿಯೇ ಇರುತ್ತದೆ. ಮೋಟಾರ್ ಸೈಕಲ್ಲಿನ ಜಾಗವು ಅಷ್ಟರಲ್ಲಿ ಮೂರು ಬಾರಿ ಖಾಲಿಯಾಗಿ ತುಂಬಿ 150 ರೂಪಾಯಿ ತಂದಿರುತ್ತದೆ. ಹೆಚ್ಚಿನ ಮೊತ್ತಕ್ಕೆ ಗುತ್ತಿಗೆ ಹಿಡಿದವನು ಆ 100 ರೂಪಾಯಿಯನ್ನು ಬಿಟ್ಟುಕೊಡಲಿ ಎಂದು ನಿರೀಕ್ಷಿಸುವುದು ವ್ಯವಹಾರಕ್ಕೆ ಒಪ್ಪುವುದಿಲ್ಲ.

ಆದ್ದರಿಂದ ದೋಷವಿರುವುದು ಟೆಂಡರಿನ ಷರತ್ತುಗಳಲ್ಲಿ. ಬೈಸಿಕಲ್‌ಗಳಿಗೆ ಇಷ್ಟು ಜಾಗ, ಅದು ನಕ್ಷೆಯಲ್ಲಿ ಇಂತಹ ಕಡೆ, ಇಷ್ಟು ಕಂಬಿ, ಇಂತಹ ಚಪ್ಪರ ಮತ್ತು ದೀಪ, ಮಾಸಿಕ ಪಾಸಿನ ದರ ಇಷ್ಟು ಎಂದು ಹರಾಜಿಗೆ ಮೊದಲೇ ಬರೆದಿದ್ದರೆ, ಬಿಡ್ಡುದಾರರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮೊತ್ತ ನಮೂದಿಸುತ್ತಾರೆ. ಸಂಸ್ಥೆಗೆ ಬರುವ ಆದಾಯ ತುಸು ಕಡಿಮೆಯಾಗಬಹುದು. ಆ ಕಡಿತವೇ ಸೌಲಭ್ಯದ ವೆಚ್ಚ. ಅದನ್ನು ಯಾರಾದರೊಬ್ಬರು ಭರಿಸಲೇಬೇಕಾಗುತ್ತದೆ, ಈಗ ಅದನ್ನು ಭರಿಸುತ್ತಿರುವವರು ಬೈಸಿಕಲ್ ಕಳೆದುಕೊಂಡವರು.

ಮುಚ್ಚುವ ವೇಳೆಯೂ ಷರತ್ತಿನಲ್ಲಿ ಇರತಕ್ಕದ್ದು. ದಿನಾಂಕ 11-06-2023ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದೆ. ಬಸ್ಸು ಹೋಗದ ಊರಿನಿಂದ ಹೆದ್ದಾರಿಯವರೆಗೆ ಮೂರು ನಾಲ್ಕು ಕಿಲೋಮೀಟರ್ ಬರಬೇಕಾದ ಹೆಣ್ಣುಮಗಳಿಗೆ ಬಸ್ಸಿನ ಟಿಕೆಟ್ ಉಚಿತವಾದರೂ ಬೈಸಿಕಲ್ ಇಡುವ ಜಾಗ ಬೇಕೇ ಬೇಕು. ಗಾರ್ಮೆಂಟ್ಸ್ ಕಾರ್ಖಾನೆಯ ಪಾಳಿ ಮುಗಿಸಿ ರಾತ್ರಿ ಒಂಬತ್ತರ ಬಸ್ಸಿಗೆ ಇಳಿದಾಗ ಸ್ಟ್ಯಾಂಡಿನ ಬಾಗಿಲು ಎಂಟೂವರೆಗೇ ಮುಚ್ಚಿದ್ದರೆ, ಆಕೆ ಕತ್ತಲಲ್ಲಿ ನಡೆದುಹೋಗಬೇಕು ಇಲ್ಲವೇ ಕೆಲಸವನ್ನೇ ಬಿಡಬೇಕು. ಕೊನೆಯ ಬಸ್ಸು ಬಂದು ಅರ್ಧ ಗಂಟೆಯ ನಂತರವೇ ಮುಚ್ಚತಕ್ಕದ್ದು ಎಂಬ ಒಂದು ಸಾಲು ಇದಕ್ಕೆ ಸಾಕಾಗುತ್ತದೆ.

ಚೀಟಿಯ ಮೇಲಿನ ಒಂದು ಸಾಲು

'ವಾಹನಗಳು ಮಾಲೀಕರ ಜವಾಬ್ದಾರಿಯಲ್ಲಿರುತ್ತವೆ' ಎಂಬ ಸಾಲನ್ನು ಪ್ರತಿಯೊಂದು ನಿಲುಗಡೆ ಚೀಟಿಯ ಮೇಲೂ ಕಾಣಬಹುದು. ಹಣ ಕೊಟ್ಟು, ಚೀಟಿ ಪಡೆದು, ಸಂಜೆ ಬಂದಾಗ ಬೈಸಿಕಲ್ ಇಲ್ಲದಿದ್ದರೆ ಈ ಸಾಲನ್ನು ತೋರಿಸಿ ಕಳುಹಿಸಲಾಗುತ್ತದೆ. ಈ ಸಾಲಿಗೆ ಎಲ್ಲ ಸಂದರ್ಭಗಳಲ್ಲಿಯೂ ಅಷ್ಟು ಬಲವಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ 148ನೇ ಪ್ರಕರಣದಂತೆ, ಒಬ್ಬರ ವಸ್ತುವನ್ನು ಒಂದು ಉದ್ದೇಶಕ್ಕಾಗಿ ವಶಕ್ಕೆ ಪಡೆದು ಉದ್ದೇಶ ಮುಗಿದ ಮೇಲೆ ಹಿಂತಿರುಗಿಸುವ ಕರಾರನ್ನು ಬೈಲ್‌ಮೆಂಟ್ ಎನ್ನುತ್ತಾರೆ. ವಶಕ್ಕೆ ಪಡೆದವನು ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವಿಗೆ ವಹಿಸುವಷ್ಟು ಎಚ್ಚರಿಕೆಯನ್ನು ವಹಿಸಬೇಕೆಂದು 151ನೇ ಪ್ರಕರಣ ಹೇಳುತ್ತದೆ. ಬಿ.ಕಾಂ. ತರಗತಿಯಲ್ಲಿ ಇದನ್ನು ಕಂಠಪಾಠ ಮಾಡುವಾಗ ಇದು ಬಸ್ ನಿಲ್ದಾಣದ ಸೈಕಲ್ ಸ್ಟ್ಯಾಂಡಿಗೂ ಸಂಬಂಧಿಸಿದ್ದೆಂದು ನಮಗೆ ಹೊಳೆದಿರಲಿಲ್ಲ.

ದಿನಾಂಕ 14-11-2019ರಂದು ತಾಜ್ ಮಹಲ್ ಹೋಟೆಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅತಿಥಿಯ ಕಾರನ್ನು ವಶಕ್ಕೆ ಪಡೆದ ಹೋಟೆಲ್ ತನ್ನ ನಿರ್ಲಕ್ಷ್ಯದಿಂದಾದ ನಷ್ಟಕ್ಕೆ 'ಮಾಲೀಕರ ಜವಾಬ್ದಾರಿ' ಎಂಬ ಚೀಟಿಯ ಷರತ್ತನ್ನು ತೋರಿಸಿ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು ತೀರ್ಪು ನೀಡಿತು. ವಶಕ್ಕೆ ಕೊಟ್ಟಿದ್ದೆ ಎಂಬುದನ್ನು ಮೊದಲು ಗ್ರಾಹಕರು ತೋರಿಸಬೇಕು. ಆನಂತರ ನಿರ್ಲಕ್ಷ್ಯವಾಗಿಲ್ಲವೆಂದು ಸಾಬೀತುಪಡಿಸುವ ಹೊಣೆ ಎದುರು ಪಕ್ಷದ್ದು. ಆ ಪ್ರಕರಣದಲ್ಲಿ ಕಾರಿನ ಕೀಲಿಯನ್ನು ಹೋಟೆಲಿನವರಿಗೆ ಒಪ್ಪಿಸಲಾಗಿತ್ತು. ಸೈಕಲ್ ಸ್ಟ್ಯಾಂಡಿನಲ್ಲಿ ಕೀಲಿ ಸವಾರರ ಜೇಬಿನಲ್ಲಿಯೇ ಇರುತ್ತದೆ. ಹಾಗಾಗಿ ಈ ತೀರ್ಪು ತಾನಾಗಿಯೇ ಅನ್ವಯಿಸುತ್ತದೆಂದು ಭಾವಿಸಬಾರದು. ಆದರೆ ನಂಬರಿನ ಟೋಕನ್ ಕೊಟ್ಟು, ಟೋಕನ್ ಮರಳಿಸದೆ ಬೈಸಿಕಲ್ ಹೊರಗೆ ಬಿಡದಿರುವ ಸ್ಟ್ಯಾಂಡು ವಸ್ತುವನ್ನು ವಶಕ್ಕೆ ಪಡೆದಿಲ್ಲವೆಂದು ವಾದಿಸುವುದು ಸುಲಭವಲ್ಲ. ಬರೀ ಜಾಗದ ಬಾಡಿಗೆ ಪಡೆದು ಕಾವಲು ಇಲ್ಲದ ಬಯಲಿನಲ್ಲಿ ನಿಲ್ಲಿಸಿಕೊಂಡವರ ಸಂಗತಿ ಬೇರೆ. ಪ್ರತಿಯೊಂದು ಪ್ರಕರಣವೂ ಅದರ ಸಂಗತಿಗಳನ್ನು ಅವಲಂಬಿಸಿರುತ್ತದೆ.

ಇಂತಹ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ಸಲ್ಲಿಸಬಹುದು. ಸೇವೆಗೆ ಕೊಟ್ಟ ಮೊತ್ತವು 5 ಲಕ್ಷ ರೂಪಾಯಿಯವರೆಗೆ ಇದ್ದಲ್ಲಿ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಚೀಟಿಯನ್ನು ಮಾತ್ರ ಕಳೆದುಕೊಳ್ಳಬಾರದು.

ಮನವಿ ಸಲ್ಲಿಸುವ ಬಗ್ಗೆ

ನಿಲುಗಡೆ ಸೌಲಭ್ಯ ಕೋರಿ ಬರುವ ಮನವಿಗಳು ಬಹಳಷ್ಟು ಸಲ ಸಂಬಂಧವಿಲ್ಲದ ಕಚೇರಿಗೆ ಬಂದು, ಅಲ್ಲಿಂದ ವರ್ಗಾವಣೆಯಾಗುವುದರಲ್ಲಿಯೇ ಕಾಲ ಕಳೆಯುತ್ತದೆ. ಜಾಗವು ಯಾರ ಸ್ವಾಧೀನದಲ್ಲಿದೆಯೋ ಅವರಿಗೇ ಬರೆಯತಕ್ಕದ್ದು. ಕಚೇರಿಯ ಆವರಣವಾದರೆ ಕಚೇರಿಯ ಮುಖ್ಯಸ್ಥರಿಗೆ, ಬಸ್ ನಿಲ್ದಾಣವಾದರೆ ಆಯಾ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗಳಿಗೆ, ರೈಲು ನಿಲ್ದಾಣವಾದರೆ ರೈಲ್ವೆ ವಿಭಾಗದ ವಾಣಿಜ್ಯ ಶಾಖೆಗೆ, ರಸ್ತೆ ಬದಿ ಅಥವಾ ಮಾರುಕಟ್ಟೆಯಾದರೆ ನಗರ ಸ್ಥಳೀಯ ಸಂಸ್ಥೆಗೆ. ಬೆಂಗಳೂರಿನ ನಾಗರಿಕರು 2025ರ ಸೆಪ್ಟೆಂಬರ್‌ನಿಂದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಬದಲಿಗೆ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದನ್ನು ಗಮನಿಸಿ, ತಮ್ಮ ಪ್ರದೇಶದ ಪಾಲಿಕೆಗೆ ಬರೆಯಬೇಕು. ಗ್ರಾಮಗಳಲ್ಲಿ ಶಾಲೆ ಮತ್ತು ಬಸ್ ತಂಗುದಾಣದ ಬಳಿ ಕಂಬಿಗಳನ್ನು ಹಾಕಿಸುವ ಬೇಡಿಕೆಯನ್ನು ಗ್ರಾಮ ಸಭೆಯಲ್ಲಿ ಮಂಡಿಸಿ ನಡವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳುವುದು ಒಳಿತು. ಬಾಯಿಮಾತಿನ ಬೇಡಿಕೆಗಿಂತ ನಡವಳಿಯ ಪ್ರತಿಯು ಕ್ರಿಯಾ ಯೋಜನೆ ತಯಾರಿಸುವಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಯಾರಿಗೆ ಬರೆಯಬೇಕೆಂದು ತಿಳಿಯದಿದ್ದಲ್ಲಿ 1902 ಸಂಖ್ಯೆಯ ಜನಸ್ಪಂದನ ಸಹಾಯವಾಣಿಗೆ ಕರೆ ಮಾಡಬಹುದು.

ಮನವಿಯಲ್ಲಿ "ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ" ಎಂದು ಮುಗಿಸಿದರೆ ಕಡತದಲ್ಲಿ "ಸೂಕ್ತ ಕ್ರಮಕ್ಕಾಗಿ" ಎಂಬ ಷರಾ ಬಿದ್ದು ಅದು ಮುಂದಿನ ಮೇಜಿಗೆ ಹೋಗುತ್ತದೆ. ಎಲ್ಲಿ, ಎಷ್ಟು ಕಂಬಿ, ದಿನಕ್ಕೆ ಅಂದಾಜು ಎಷ್ಟು ಬೈಸಿಕಲ್ ಬರುತ್ತವೆ, ತ್ರಿಚಕ್ರ ಸೈಕಲ್‌ನವರು ಯಾವ ಗೇಟಿನಲ್ಲಿ ತಡೆಯಲ್ಪಡುತ್ತಿದ್ದಾರೆ ಎಂಬುದನ್ನು ಬರೆದು, ಸಾಧ್ಯವಾದರೆ ಒಂದು ಭಾವಚಿತ್ರವನ್ನು ಲಗತ್ತಿಸಿದಲ್ಲಿ ಶಾಖೆಯಲ್ಲಿ ಟಿಪ್ಪಣಿ ಬರೆಯುವವರಿಗೆ ಆಧಾರ ದೊರೆಯುತ್ತದೆ.

ಗುತ್ತಿಗೆ ನೀಡಿರುವ ನಿಲ್ದಾಣಗಳಲ್ಲಿ ಟೆಂಡರಿನ ಷರತ್ತುಗಳು, ದರಪಟ್ಟಿ ಮತ್ತು ಗುತ್ತಿಗೆಯ ಅವಧಿ ಮುಗಿಯುವ ದಿನಾಂಕವನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳಬಹುದು. ರಾಜ್ಯದ ಕಚೇರಿಗಳಿಗೆ ಶುಲ್ಕ 10 ರೂ. ಇದ್ದು, ಬಡತನ ರೇಖೆಗಿಂತ ಕೆಳಗಿರುವವರಿಗೆ ವಿನಾಯಿತಿ ಇರುತ್ತದೆ. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು 150 ಪದಗಳನ್ನು ಮೀರದಂತೆ ಇರಬೇಕು. 30 ದಿನದೊಳಗೆ ಉತ್ತರ ನೀಡತಕ್ಕದ್ದು. ಈ ಪೈಕಿ ಅವಧಿ ಮುಗಿಯುವ ದಿನಾಂಕವನ್ನು ತಿಳಿಯುವುದು ವಿಶೇಷವಾಗಿ ಮುಖ್ಯ. ಗುತ್ತಿಗೆ ಜಾರಿಯಲ್ಲಿರುವಾಗ ಷರತ್ತುಗಳನ್ನು ಬದಲಿಸುವುದು ಕಷ್ಟ, ಹೊಸ ಟೆಂಡರ್ ಪ್ರಕಟಣೆಗೆ ಎರಡು ಮೂರು ತಿಂಗಳ ಮೊದಲು ಬಂದ ಮನವಿಯನ್ನು ಕರಡು ಷರತ್ತುಗಳಲ್ಲಿ ಸೇರಿಸಲು ಅವಕಾಶವಿರುತ್ತದೆ.

ಶಾಖಾಧಿಕಾರಿ